ಒಂದೇ ಆಟ, ದೇಶಕ್ಕೊಂದು ದರ
ಅಂತರಜಾಲದ ವಿಡಿಯೊ ಗೇಮ್ ಮಾರುಕಟ್ಟೆಯಲ್ಲಿ ಪ್ರಾದೇಶಿಕ ಬೆಲೆ ನಿಗದಿ

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ಒಂದು ಧಾರಣೆ, ಶಿರಸಿಯಲ್ಲಿ ಮತ್ತೊಂದು ಧಾರಣೆ ಇರುವುದು ವರ್ತಕರಿಗೆ ಹೊಸ ಸಂಗತಿಯಲ್ಲ. ಆದರೆ ಒಂದೇ ದರ್ಜೆಯ ಸರಕಿನಲ್ಲಿ ಈ ಅಂತರವು ಒಂದು ಮಿತಿಯನ್ನು ಮೀರಿ ಬೆಳೆಯಲಾರದು. ಲಾರಿ ಬಾಡಿಗೆ, ಹಮಾಲಿ, ತೂಕದ ನಷ್ಟ ಇವುಗಳ ಒಟ್ಟು ಮೊತ್ತವನ್ನು ಅಂತರವು ದಾಟಿದ ದಿನವೇ ಸರಕು ಅಗ್ಗದ ಊರಿನಿಂದ ತುಟ್ಟಿಯ ಊರಿಗೆ ಹೊರಡುತ್ತದೆ. ಸಾಗಣೆಯ ಖರ್ಚೇ ಇಲ್ಲದ ಸರಕಾದರೆ ಎಲ್ಲೆಡೆ ಒಂದೇ ಬೆಲೆ ಇರಬೇಕೆಂದು ಯಾರಾದರೂ ಊಹಿಸಬಹುದು.

ಅಂತರಜಾಲದ ಮೂಲಕ ಮಾರಾಟವಾಗುವ ವಿಡಿಯೊ ಗೇಮ್ ಅಂತಹದೊಂದು ಸರಕು. ಹಣ ಪಾವತಿಯಾದ ಕೂಡಲೇ ಅದು ಖರೀದಿದಾರನ ಗಣಕಯಂತ್ರಕ್ಕೆ ಇಳಿಯುತ್ತದೆ. ಗೋದಾಮು, ಪ್ಯಾಕಿಂಗ್, ಬಂದರು ಯಾವುದರ ಗೊಡವೆಯೂ ಇಲ್ಲ. ಆದರೂ ಅಮೆರಿಕದಲ್ಲಿ 60 ಡಾಲರಿಗೆ ಮಾರಾಟವಾಗುತ್ತಿದ್ದ ಆಟಕ್ಕೆ ಟರ್ಕಿಯಲ್ಲಿ 5 ಡಾಲರಿಗೆ ಸಮನಾದ ದರವೇ ಸೂಕ್ತವೆಂದು ಮಾರಾಟ ಮಳಿಗೆಯ ಪಟ್ಟಿಯೇ ಹೇಳುತ್ತಿದ್ದ ಕಾಲವಿತ್ತು. ಹನ್ನೆರಡು ಪಟ್ಟಿನ ಈ ಅಂತರ ಹೇಗೆ ನಿಂತಿತು, ಕೊನೆಗೆ ಹೇಗೆ ಕುಸಿಯಿತು ಎಂಬುದು ಅಂತರಜಾಲದಲ್ಲಿ ಸರಕು ಮಾರಲು ಹೊರಟಿರುವ ಯಾರಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಮೊದಲ ಪ್ರತಿಯ ಖರ್ಚು

ವಿಡಿಯೊ ಗೇಮ್ ತಯಾರಿಕೆಯಲ್ಲಿ ವೆಚ್ಚವೆಲ್ಲವೂ ಬಹುಮಟ್ಟಿಗೆ ಮೊದಲ ಪ್ರತಿ ಸಿದ್ಧವಾಗುವುದರೊಳಗೆ ಮುಗಿದಿರುತ್ತದೆ. ಚಿತ್ರಕಾರರು, ತಂತ್ರಾಂಶ ಬರೆಯುವವರು, ಸಂಗೀತಗಾರರು ಇವರ ವರ್ಷಾನುಗಟ್ಟಲೆ ಸಂಬಳವೇ ಅದರ ಬಂಡವಾಳ. ಎರಡನೆಯ ಪ್ರತಿಗೂ ಹತ್ತು ಲಕ್ಷದ ಪ್ರತಿಗೂ ತಗಲುವ ವೆಚ್ಚ ಅತ್ಯಲ್ಪ. ಉಕ್ಕಿನ ಅಥವಾ ಸಿದ್ಧ ಉಡುಪಿನ ಘಟಕದಲ್ಲಿ ಕಚ್ಚಾ ಮಾಲಿನ ಬೆಲೆಯು ಮಾರಾಟದರಕ್ಕೆ ಒಂದು ತಳವನ್ನು ಹಾಕಿಕೊಡುತ್ತದೆ. ಅದಕ್ಕಿಂತ ಕೆಳಗೆ ಮಾರಿದರೆ ಪ್ರತಿ ನಗಕ್ಕೂ ನಷ್ಟ. ಇಲ್ಲಿ ಅಂತಹ ತಳವಿಲ್ಲ. ಕಡಿಮೆ ಸಂಬಳದ ದೇಶದ ಗ್ರಾಹಕ 60 ಡಾಲರ್ ಕೊಡಲಾರ, 15 ಡಾಲರ್ ಕೊಟ್ಟಾನು ಎಂದಾದರೆ ಆ 15 ಡಾಲರ್ ಕೂಡ ಹೆಚ್ಚುವರಿ ಆದಾಯವೇ.

ಅರ್ಥಶಾಸ್ತ್ರಜ್ಞರು ಇದನ್ನು ಬೆಲೆ ತಾರತಮ್ಯ ಎಂದು ಕರೆಯುತ್ತಾರೆ. ಚಿತ್ರಮಂದಿರದ ಗಾಂಧಿ ಕ್ಲಾಸು ಮತ್ತು ಬಾಲ್ಕನಿಯನ್ನು ಕಂಡವರಿಗೆ ಇದರ ತತ್ತ್ವ ತಿಳಿದೇ ಇದೆ. ತೆರೆಯ ಮೇಲಿನ ಚಿತ್ರ ಒಂದೇ. ಆದರೆ ಆ ಏರ್ಪಾಡು ನಡೆಯಬೇಕಾದರೆ ಗಾಂಧಿ ಕ್ಲಾಸಿನ ಟಿಕೆಟ್ ಹಿಡಿದವರು ಬಾಲ್ಕನಿಗೆ ಏರದಂತೆ ಟಾರ್ಚು ಹಿಡಿದು ನಿಲ್ಲುವ ಒಬ್ಬ ಗೇಟಿನವನು ಬೇಕು. ಅಂತರಜಾಲದ ಮಾರುಕಟ್ಟೆಯ ತೊಡಕು ಇರುವುದು ಈ ಗೇಟಿನವನ ವಿಷಯದಲ್ಲಿಯೇ.

ಗಣಕಯಂತ್ರದ ಆಟಗಳ ಅತಿ ದೊಡ್ಡ ಅಂತರಜಾಲ ಮಳಿಗೆಯಾದ ಸ್ಟೀಮ್ ಅನ್ನು ಅಮೆರಿಕದ ವಾಲ್ವ್ ಕಂಪನಿಯು 2003ರಲ್ಲಿ ಆರಂಭಿಸಿತು. ಆರಂಭದ ವರ್ಷಗಳಲ್ಲಿ ಡಾಲರ್ ದರವೇ ಆಧಾರವಾಗಿತ್ತು. 2008ರ ಡಿಸೆಂಬರ್‌ನಲ್ಲಿ ಯೂರೋ ದರಗಳು ಬಂದಾಗ ಹಲವು ಆಟಗಳ ಅಂಕಿ ಬದಲಾಗಲೇ ಇಲ್ಲ. ಡಾಲರ್ ಚಿಹ್ನೆ ಇದ್ದ ಕಡೆ ಯೂರೋ ಚಿಹ್ನೆ ಬಂದಿತು. ಆಗ ಯೂರೋದ ಮೌಲ್ಯ ಸುಮಾರು 1.3ರಿಂದ 1.4 ಡಾಲರ್ ಆಗಿತ್ತಾದ್ದರಿಂದ ಯೂರೋಪಿನ ಗ್ರಾಹಕರು ಪ್ರತಿಭಟಿಸಿದರು. ಯೂರೋಪಿನ ದರದಲ್ಲಿ ಮೌಲ್ಯವರ್ಧಿತ ತೆರಿಗೆ ಸೇರಿರುತ್ತದೆ, ಅಮೆರಿಕದ ದರದಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರದ ಒಂದು ಭಾಗಕ್ಕೆ ಮಾತ್ರ ಅದು ಸಮಾಧಾನವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಇದೇ ಬಗೆಯ ಅಸಮಾಧಾನ ಸಂಸತ್ತನ್ನೇ ಮುಟ್ಟಿತು. ಆಟಗಳೂ ಸೇರಿದಂತೆ ಮಾಹಿತಿ ತಂತ್ರಜ್ಞಾನದ ಸರಕುಗಳಿಗೆ ಅಲ್ಲಿನ ಗ್ರಾಹಕರು ಎಷ್ಟೋ ವೇಳೆ ಶೇ. 50ರಿಂದ 100ರಷ್ಟು ಹೆಚ್ಚು ತೆರುತ್ತಿದ್ದಾರೆಂದು ಸಂಸದೀಯ ಸಮಿತಿಯು 2013ರಲ್ಲಿ ವರದಿ ನೀಡಿತು.

ರಷ್ಯಾದಲ್ಲಿ ನಡೆದದ್ದು ಬೇರೆ. ಅಲ್ಲಿ ಎಲ್ಲರೂ ನಕಲಿ ಪ್ರತಿಗಳನ್ನೇ ಬಳಸುತ್ತಾರೆ, ವ್ಯಾಪಾರ ಮಾಡುವುದು ವ್ಯರ್ಥ ಎಂಬ ಎಚ್ಚರಿಕೆಯನ್ನು ಕಡೆಗಣಿಸಿ ಹೋದ ವಾಲ್ವ್‌ಗೆ ಆ ದೇಶವು ಯೂರೋಪಿನ ತನ್ನ ಅತಿ ದೊಡ್ಡ ಮಾರುಕಟ್ಟೆಯಾಗುವ ಹಂತಕ್ಕೆ ಬಂದಿದೆಯೆಂದು ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ 2011ರಲ್ಲಿ ತಿಳಿಸಿದ್ದರು. ನಕಲಿ ಮಾರಾಟಕ್ಕೆ ಬೆಲೆಗಿಂತ ಸೇವೆಯ ಕೊರತೆಯೇ ಕಾರಣ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಆದರೆ ನಂತರ ಬಂದ ರೂಬಲ್ ದರಗಳು ಡಾಲರ್ ದರಕ್ಕಿಂತ ಗಣನೀಯವಾಗಿ ಕಡಿಮೆ ಇದ್ದವು ಎಂಬುದನ್ನೂ ಮರೆಯುವಂತಿಲ್ಲ.

ಭಾರತಕ್ಕೆ ರೂಪಾಯಿ ದರ ಬಂದದ್ದು 2015ರ ನವೆಂಬರ್‌ನಲ್ಲಿ. ಅದುವರೆಗೆ ಇಲ್ಲಿನ ಗ್ರಾಹಕ ಡಾಲರ್ ದರವನ್ನು ಕಂಡು, ಅಂತರರಾಷ್ಟ್ರೀಯ ಪಾವತಿಗೆ ಒಪ್ಪುವ ಕಾರ್ಡನ್ನು ಹೊಂದಿಸಿಕೊಳ್ಳಬೇಕಾಗಿತ್ತು. ವಿದ್ಯಾರ್ಥಿಗಳೇ ಹೆಚ್ಚಾಗಿರುವ ಈ ಗ್ರಾಹಕ ವರ್ಗದಲ್ಲಿ ಅಂತಹ ಕಾರ್ಡ್ ಇದ್ದವರು ವಿರಳ. ಬೆಲೆಯಷ್ಟೇ ಪಾವತಿಯ ವಿಧಾನವೂ ಮಾರುಕಟ್ಟೆಯ ಬಾಗಿಲನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ ಎಂಬುದಕ್ಕೆ ಇದು ನಿದರ್ಶನ. ತೆರಿಗೆಯ ಮಟ್ಟಿಗೆ ಹೇಳುವುದಾದರೆ, ವಿದೇಶದಿಂದ ಅಂತರಜಾಲದ ಮೂಲಕ ಇಲ್ಲಿನ ಸಾಮಾನ್ಯ ಗ್ರಾಹಕನಿಗೆ ಮಾರುವವರು 2016ರ ಡಿಸೆಂಬರ್ 1ರಿಂದ ಸೇವಾ ತೆರಿಗೆಯ ವ್ಯಾಪ್ತಿಗೆ ಬಂದರು. 2017ರ ಜುಲೈನಿಂದ ಅವರು ಶೇ. 18ರ ಜಿ.ಎಸ್.ಟಿ.ಯನ್ನು ಸಂಗ್ರಹಿಸಿ ಪಾವತಿಸಬೇಕಾಗಿದೆ.

ಟರ್ಕಿ ಮತ್ತು ಅರ್ಜೆಂಟೀನಾದ ಪಾಠ

ಸ್ಟೀಮ್ ಮಳಿಗೆಯಲ್ಲಿ ಬೆಲೆ ನಿಗದಿ ಮಾಡುವುದು ಆಟದ ಪ್ರಕಾಶಕ. ಆತ ಡಾಲರ್ ದರವನ್ನು ನಮೂದಿಸಿದರೆ ಉಳಿದ ಕರೆನ್ಸಿಗಳಿಗೆ ಸೂಕ್ತವೆನ್ನಬಹುದಾದ ದರಗಳ ಪಟ್ಟಿಯನ್ನು ಮಳಿಗೆಯೇ ಸೂಚಿಸುತ್ತದೆ. ಅದನ್ನು ಒಪ್ಪುವುದು ಅಥವಾ ತಿದ್ದುವುದು ಅವನಿಗೆ ಬಿಟ್ಟದ್ದು. ಹೆಚ್ಚಿನವರು ಸೂಚಿತ ದರವನ್ನೇ ಒಪ್ಪಿ ಮುಂದೆ ಹೋಗುತ್ತಾರೆ.

2020ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 6 ಟರ್ಕಿ ಲಿರಾ, ಸುಮಾರು 60 ಅರ್ಜೆಂಟೀನಾ ಪೆಸೊ ಇತ್ತು. 2023ರ ನವೆಂಬರ್ ವೇಳೆಗೆ ಅದು ಸುಮಾರು 28 ಲಿರಾ ಮತ್ತು 350 ಪೆಸೊ ಆಗಿತ್ತು. ಟರ್ಕಿಯ ಅಧಿಕೃತ ವಾರ್ಷಿಕ ಹಣದುಬ್ಬರ 2022ರ ಅಕ್ಟೋಬರ್‌ನಲ್ಲಿ ಶೇ. 85ನ್ನು ದಾಟಿತು, ಅರ್ಜೆಂಟೀನಾದಲ್ಲಿ 2023ರ ಅಂತ್ಯಕ್ಕೆ ಶೇ. 211 ಆಯಿತು. ಕರೆನ್ಸಿ ಕುಸಿಯುತ್ತಾ ಹೋದರೂ ಸೂಚಿತ ದರಪಟ್ಟಿ ಹಾಗೆಯೇ ಉಳಿಯಿತು. 60 ಡಾಲರಿನ ಆಟಕ್ಕೆ ಟರ್ಕಿಯಲ್ಲಿ ಸೂಚಿತವಾಗಿದ್ದ 92 ಲಿರಾ, 2022ರ ಶರತ್ಕಾಲದ ವಿನಿಮಯ ದರದಲ್ಲಿ 5 ಡಾಲರಿಗೆ ಇಳಿದಿತ್ತು.

ಸರಕು ಅಗ್ಗದ ಊರಿನಿಂದ ಹೊರಡಲು ಇಷ್ಟು ಸಾಕಾಗಿತ್ತು. ಇಲ್ಲಿ ಸರಕಿನ ಬದಲು ಗ್ರಾಹಕನೇ ಅಗ್ಗದ ಊರಿಗೆ ಹೋಗುವಂತೆ ನಟಿಸಿದ. ಬೇರೆ ದೇಶದಲ್ಲಿರುವಂತೆ ತೋರಿಸುವ ವಿ.ಪಿ.ಎನ್. ಎಂಬ ತಂತ್ರಾಂಶದ ನೆರವಿನಿಂದ ಯೂರೋಪ್, ಅಮೆರಿಕಗಳ ಗ್ರಾಹಕರು ತಮ್ಮ ಖಾತೆಯ ದೇಶವನ್ನು ಟರ್ಕಿ ಅಥವಾ ಅರ್ಜೆಂಟೀನಾ ಎಂದು ಬದಲಿಸಿಕೊಂಡರು. ಆ ದೇಶಗಳ ಮುಂಗಡ ಪಾವತಿ ಸಂಕೇತಗಳನ್ನು ಮಾರುವ ಮಧ್ಯವರ್ತಿಗಳೂ ಹುಟ್ಟಿಕೊಂಡರು. ಮಳಿಗೆ ಕೈಕಟ್ಟಿ ಕುಳಿತಿರಲಿಲ್ಲ. ಎರಡು ದೇಶಗಳ ದರದಲ್ಲಿ ದೊಡ್ಡ ಅಂತರವಿದ್ದರೆ ಆಟವನ್ನು ಉಡುಗೊರೆಯಾಗಿ ಕಳುಹಿಸುವುದನ್ನು 2017ರಲ್ಲಿಯೇ ತಡೆಯಲಾಗಿತ್ತು. ಖಾತೆಯ ದೇಶ ಬದಲಿಸಲು ಆ ದೇಶದ ಪಾವತಿ ಸಾಧನವೇ ಬೇಕೆಂಬ ನಿಯಮ ಬಂದಿತು, ಮೂರು ತಿಂಗಳಿಗೊಮ್ಮೆ ಮಾತ್ರ ಬದಲಿಸಬಹುದೆಂದು 2021ರಲ್ಲಿ ಬಿಗಿಗೊಳಿಸಲಾಯಿತು. ಆದರೂ ಗೇಟು ಸೋರುತ್ತಲೇ ಇತ್ತು.

2022ರ ಅಕ್ಟೋಬರ್‌ನಲ್ಲಿ ವಾಲ್ವ್ ಸೂಚಿತ ದರಗಳನ್ನು ಪರಿಷ್ಕರಿಸಿತು. 60 ಡಾಲರಿನ ಆಟದ ಟರ್ಕಿ ದರ 92 ಲಿರಾದಿಂದ 510 ಲಿರಾಗೆ, ಎಂದರೆ ಶೇ. 454ರಷ್ಟು ಏರಿತು, ಅರ್ಜೆಂಟೀನಾದ ಏರಿಕೆ ಶೇ. 485. ಒಂದು ವರ್ಷದ ನಂತರ, 2023ರ ನವೆಂಬರ್ 20ರಂದು, ಎರಡೂ ದೇಶಗಳಲ್ಲಿ ಸ್ಥಳೀಯ ಕರೆನ್ಸಿಯನ್ನೇ ಕೈಬಿಟ್ಟು ಡಾಲರ್ ದರವನ್ನು ಜಾರಿಗೆ ತರಲಾಯಿತು. ನೆರೆಯ ಹಲವು ದೇಶಗಳೊಂದಿಗೆ ಅವುಗಳನ್ನು ಸೇರಿಸಿ ಲ್ಯಾಟಿನ್ ಅಮೆರಿಕಕ್ಕೊಂದು, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾಕ್ಕೊಂದು ಪ್ರತ್ಯೇಕ ಡಾಲರ್ ದರದ ಅಂಕಣ ತೆರೆಯಲಾಯಿತು. ಪ್ರಕಾಶಕನು ಆ ಅಂಕಣವನ್ನು ತುಂಬದೆ ಬಿಟ್ಟರೆ ಅಮೆರಿಕದ ದರವೇ ಅನ್ವಯ. ಹೀಗಾಗಿ ರಾತ್ರಿ ಕಳೆದು ಬೆಳಗಾಗುವುದರೊಳಗೆ ಎಷ್ಟೋ ಆಟಗಳ ಬೆಲೆ ಅಲ್ಲಿನ ಗ್ರಾಹಕನ ಪಾಲಿಗೆ ಹಲವು ಪಟ್ಟು ಏರಿತು. ಸಂಬಳ ಲಿರಾದಲ್ಲಿ, ಬೆಲೆ ಡಾಲರಿನಲ್ಲಿ ಎಂಬ ಸ್ಥಿತಿ. ಅರ್ಜೆಂಟೀನಾ ಮರು ತಿಂಗಳೇ ಪೆಸೊವನ್ನು ಡಾಲರಿಗೆ ಸುಮಾರು 366ರಿಂದ 800ಕ್ಕೆ ಅಪಮೌಲ್ಯಗೊಳಿಸಿದ್ದರಿಂದ ಅಲ್ಲಿನವರಿಗೆ ಇಮ್ಮಡಿ ಪೆಟ್ಟು ಬಿದ್ದಿತು.

ವಿನಿಮಯ ದರದ ಏರಿಳಿತ, ಶುಲ್ಕ ಮತ್ತು ತೆರಿಗೆಗಳ ತೊಡಕೇ ಇದಕ್ಕೆ ಕಾರಣವೆಂದು ಕಂಪನಿ ಹೇಳಿತು. ಎಲ್ಲ ಹೊಣೆಯನ್ನೂ ಹೊರಗಿನಿಂದ ಬಂದ ಖರೀದಿದಾರರ ಮೇಲೆ ಹಾಕುವುದು ಸರಿಯಲ್ಲ. ಲಿರಾ ಸ್ಥಿರವಾಗಿದ್ದರೆ 5 ಡಾಲರಿನ ಪ್ರಶ್ನೆಯೇ ಬರುತ್ತಿರಲಿಲ್ಲ. ಆದರೆ ಸೋರುವ ಗೇಟಿನಿಂದಾಗಿ ಅಗ್ಗದ ದರವನ್ನು ಉಳಿಸಿಕೊಡುವ ಆಸಕ್ತಿ ಪ್ರಕಾಶಕರಲ್ಲಿ ಉಳಿಯಲಿಲ್ಲ. ಯಾರಿಗಾಗಿ ಆ ದರ ಹುಟ್ಟಿತ್ತೋ ಅವರೇ ಅದನ್ನು ಕಳೆದುಕೊಂಡರು.

ಗೇಟಿಗೆ ಕಾನೂನಿನ ಮಿತಿ

ಹಾಗಾದರೆ ಗೇಟನ್ನು ಭದ್ರಪಡಿಸಿದರಾಯಿತು ಎನ್ನಬಹುದು. ಯೂರೋಪಿನಲ್ಲಿ ಅದಕ್ಕೆ ಕಾನೂನು ಅಡ್ಡ ಬಂದಿತು. ಪೋಲೆಂಡ್, ಹಂಗೇರಿ, ರುಮೇನಿಯಾ, ಝೆಕ್ ಗಣರಾಜ್ಯ ಮೊದಲಾದ ಕಡಿಮೆ ದರದ ದೇಶಗಳಲ್ಲಿ ಮಾರಿದ ಸುಮಾರು 100 ಆಟಗಳ ಸಕ್ರಿಯಗೊಳಿಸುವ ಸಂಕೇತಗಳು ಪಶ್ಚಿಮದ ದೇಶಗಳಲ್ಲಿ ಕೆಲಸ ಮಾಡದಂತೆ ಬೀಗ ಹಾಕಲಾಗಿತ್ತು. ಒಕ್ಕೂಟದ ಏಕ ಮಾರುಕಟ್ಟೆಯನ್ನು ಹೀಗೆ ಹೋಳು ಮಾಡುವಂತಿಲ್ಲವೆಂದು ಯೂರೋಪಿಯನ್ ಆಯೋಗವು 2021ರ ಜನವರಿ 20ರಂದು ವಾಲ್ವ್ ಮತ್ತು ಐದು ಪ್ರಕಾಶಕರಿಗೆ ಒಟ್ಟು 78 ಲಕ್ಷ ಯೂರೋ ದಂಡ ವಿಧಿಸಿತು. ಇದರಲ್ಲಿ ವಾಲ್ವ್‌ನ ಪಾಲು ಸುಮಾರು 16 ಲಕ್ಷ ಯೂರೋ. ಕಂಪನಿ ಮೇಲ್ಮನವಿ ಹೋದರೂ ಒಕ್ಕೂಟದ ಸಾಮಾನ್ಯ ನ್ಯಾಯಾಲಯವು 2023ರ ಸೆಪ್ಟೆಂಬರ್ 27ರಂದು ದಂಡವನ್ನು ಎತ್ತಿಹಿಡಿಯಿತು. ಕೃತಿಸ್ವಾಮ್ಯವು ತಕ್ಕ ಪ್ರತಿಫಲವನ್ನು ಕೊಡಿಸುತ್ತದೆಯೇ ಹೊರತು ಅತ್ಯಧಿಕ ಪ್ರತಿಫಲದ ಭರವಸೆಯನ್ನಲ್ಲ ಎಂಬುದು ನ್ಯಾಯಾಲಯದ ನಿಲುವು. ಬೀಗ ತೆಗೆದರೆ ಬಡ ದೇಶಗಳಲ್ಲಿ ದರ ಏರುವ ಸಂಭವವಿದೆ ಎಂದು ವಾಲ್ವ್ 2019ರಲ್ಲಿಯೇ ಹೇಳಿತ್ತು. ಅದು ಸ್ವಹಿತದ ಮಾತಾದರೂ ವ್ಯಾಪಾರದ ದೃಷ್ಟಿಯಿಂದ ತಳ್ಳಿಹಾಕುವಂತಹುದಲ್ಲ.

ಪುಸ್ತಕ ವ್ಯಾಪಾರಿಗಳಿಗೆ ಈ ಜಗಳ ಹಳೆಯದು. ಭಾರತ ಮತ್ತು ನೆರೆಯ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂಬ ಮುದ್ರೆ ಹೊತ್ತ ಅಗ್ಗದ ಪಠ್ಯಪುಸ್ತಕಗಳನ್ನು ಇಂಜಿನಿಯರಿಂಗ್ ಓದಿದವರೆಲ್ಲ ಕಂಡಿರುತ್ತಾರೆ. ಏಷ್ಯಾದ ಇಂತಹ ಆವೃತ್ತಿಗಳನ್ನು ಥಾಯ್ಲೆಂಡಿನಿಂದ ತರಿಸಿ ಅಮೆರಿಕದಲ್ಲಿ ಮಾರಿದ ವಿದ್ಯಾರ್ಥಿಯೊಬ್ಬನ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪು ನೀಡಿತು. ಕೊಂಡ ಪುಸ್ತಕ ಕೊಂಡವನದು, ಮರುಮಾರಾಟ ಅವನ ಹಕ್ಕು. ಅಂತರಜಾಲದ ಆಟದಲ್ಲಿ ಗ್ರಾಹಕನಿಗೆ ಸಿಗುವುದು ಬಳಕೆಯ ಪರವಾನಗಿ ಮಾತ್ರ. ಮರುಮಾರಾಟಕ್ಕೆ ಅವಕಾಶ ಬೇಕೆಂದು ಫ್ರಾನ್ಸಿನ ಗ್ರಾಹಕ ಸಂಘಟನೆಯೊಂದು 2019ರಲ್ಲಿ ಗೆದ್ದ ಮೊಕದ್ದಮೆಯನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯವು 2022ರಲ್ಲಿ ತಿರುಗಿಸಿತು.

ತಯಾರಕನ ಮೇಜಿನ ಮೇಲೆ

ಕರ್ನಾಟಕಕ್ಕೆ ಈ ಉದ್ಯಮ ದೂರದ್ದಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಲ್ಲಿಯೇ ಆಟ ತಯಾರಿಕೆಗೆ ಇಳಿದು ವಿದೇಶಿ ಕಂಪನಿಗಳಿಗೆ ಕೆಲಸ ಮಾಡಿಕೊಟ್ಟ ಸಂಸ್ಥೆ. 2019ರಲ್ಲಿ ಅದು ರಾಕ್‌ಸ್ಟಾರ್ ಕಂಪನಿಯ ವಶವಾಯಿತು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯವೂ ಕರ್ನಾಟಕವೇ, 2012ರಲ್ಲಿ. ಗುತ್ತಿಗೆ ಕೆಲಸವನ್ನು ಬಿಟ್ಟು ಸ್ವಂತ ಆಟವನ್ನು ಮಾರಲು ಹೊರಟ ಸಣ್ಣ ಘಟಕಕ್ಕೆ ಸ್ಟೀಮ್‌ನ ಪ್ರವೇಶ ಶುಲ್ಕ ಆಟವೊಂದಕ್ಕೆ 100 ಡಾಲರ್. ಮಾರಾಟದಲ್ಲಿ ಮಳಿಗೆಯ ಪಾಲು ಸಾಮಾನ್ಯವಾಗಿ ಶೇ. 30. ನಂತರ ಮೂವತ್ತಕ್ಕೂ ಹೆಚ್ಚು ಕರೆನ್ಸಿಗಳ ದರಪಟ್ಟಿ ಎದುರಿಗೆ ತೆರೆದುಕೊಳ್ಳುತ್ತದೆ.

ಈ ಪಟ್ಟಿಯನ್ನು ಒಮ್ಮೆ ತುಂಬಿದವರು ಮತ್ತೆ ಮುಟ್ಟದಿರುವುದಕ್ಕೆ ಸೋಮಾರಿತನವಷ್ಟೇ ಕಾರಣವಲ್ಲ. ಯಾವುದೇ ಒಂದು ಕರೆನ್ಸಿಯಲ್ಲಿ ದರ ಏರಿಸಿದರೂ ಮುಂದಿನ 30 ದಿನ ಆ ಆಟಕ್ಕೆ ರಿಯಾಯಿತಿ ಕೊಡುವಂತಿಲ್ಲ ಎಂಬ ನಿಯಮವಿದೆ. ಬೇಸಿಗೆ ಮತ್ತು ಚಳಿಗಾಲದ ರಿಯಾಯಿತಿ ಮಾರಾಟವನ್ನೇ ನೆಚ್ಚಿಕೊಂಡ ಸಣ್ಣ ತಯಾರಕನು ಲಿರಾದ ಒಂದು ಸಾಲನ್ನು ತಿದ್ದಲು ಹೋಗಿ ಇಡೀ ಹಂಗಾಮನ್ನು ಕಳೆದುಕೊಳ್ಳಲು ಸಿದ್ಧನಿರುವುದಿಲ್ಲ. ದರ ಇಳಿಸಲು ಇಂತಹ ತಡೆಯಿಲ್ಲ. ಆದರೂ ಡಾಲರಿಗೆ ಸುಮಾರು 5 ಜ್ಲೋಟಿ ಇದ್ದ 2022ರ ಶರತ್ಕಾಲದಲ್ಲಿ ಸಿದ್ಧವಾದ ಪೋಲೆಂಡಿನ ದರಗಳು, ಜ್ಲೋಟಿ ಚೇತರಿಸಿಕೊಂಡು ಡಾಲರಿಗೆ 4ರ ಸಮೀಪ ಬಂದ ಮೇಲೆಯೂ ಹಲವು ಆಟಗಳಲ್ಲಿ ಹಾಗೆಯೇ ಉಳಿದು, ಅಲ್ಲಿನವರು ಜರ್ಮನಿಯವರಿಗಿಂತ ಹೆಚ್ಚು ತೆರುವಂತಾಯಿತು.

ರೂಪಾಯಿಯ ಸಾಲನ್ನೂ ಒಮ್ಮೆ ಲೆಕ್ಕ ಹಾಕಿ ನೋಡಬಹುದು. 2015ರ ನವೆಂಬರ್‌ನಲ್ಲಿ ಡಾಲರಿಗೆ ಸುಮಾರು 66 ರೂ. ಇದ್ದಾಗ 999 ರೂ. ದರ ನಿಗದಿ ಮಾಡಿದ ಆಟ ಅಂದು 15 ಡಾಲರಿಗೆ ಸಮನಾಗಿತ್ತು. ದರವನ್ನು ಮುಟ್ಟದೆ ಬಿಟ್ಟಿದ್ದರೆ, ಡಾಲರ್ 83 ರೂ. ತಲುಪಿದ 2023ರ ಅಂತ್ಯಕ್ಕೆ ಅದು 12 ಡಾಲರ್. ಅದರಲ್ಲಿ ಅಡಕವಾಗಿರುವ ಜಿ.ಎಸ್.ಟಿ. ಕಳೆದರೆ ಸುಮಾರು 10 ಡಾಲರ್, ಮಳಿಗೆಯ ಪಾಲನ್ನೂ ಕಳೆದರೆ ತಯಾರಕನ ಕೈಗೆ ಬರುವುದು ಸುಮಾರು 7 ಡಾಲರ್.