ಶಿವನೇರಿಯ ಅಕ್ಕ, ಸವದತ್ತಿಯ ತಂಗಿ

ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಹತ್ತುವ ಲಕ್ಷಾಂತರ ಜನರಲ್ಲಿ ಗುಡ್ಡದ ಕಲ್ಲನ್ನೇ ನಿಂತು ನೋಡುವವರು ವಿರಳ. ಸವದತ್ತಿಯಿಂದ ರಾಮದುರ್ಗದತ್ತ ಹಬ್ಬಿದ ಈ ಬಂಡೆ ಕಲಾದಗಿ ಶಿಲಾಶ್ರೇಣಿಯದು. ವಯಸ್ಸು ನೂರು ಕೋಟಿ ವರ್ಷಕ್ಕೂ ಮಿಕ್ಕಿದ್ದು. ಬೈಲಹೊಂಗಲದ ಎರೆಹೊಲವಾಗಲಿ, ಕಿತ್ತೂರು ಸೀಮೆಯ ಮಳೆಯಾಗಲಿ ಇದಕ್ಕಿಲ್ಲ. ಕಂದಾಯ ದಾಖಲೆಯವರು ಇಂಥ ನೆಲಕ್ಕೆ ‘ಖರಾಬು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಇಂಥ ಖರಾಬಿನಲ್ಲೇ ಬೆಳೆಯುವ ಗಿಡವೊಂದಕ್ಕೆ ಹೆಸರಾಂತ ಅಕ್ಕ ಇದ್ದಾಳೆ. ಸಸ್ಯಶಾಸ್ತ್ರಜ್ಞ ಡಾಲ್ಜೆಲ್ 1860ರ ದಶಕದಲ್ಲಿ ವರ್ಣಿಸಿ, ಮುಂಬೈ ಗವರ್ನರ್ ಬಾರ್ಟಲ್ ಫ್ರೇರ್ ಅವರ ಹೆಸರಿಟ್ಟ ಫ್ರೇರಿಯಾ ಇಂಡಿಕಾ. ಜುನ್ನರಿನ ಶಿವನೇರಿ, ಪುರಂದರದಂಥ ಕೋಟೆಗುಡ್ಡಗಳ ಕಡಿದಾದ ಬಂಡೆಯೇ ಅದರ ಮನೆ. ರಸ ತುಂಬಿದ ಕಾಂಡ, ಮಳೆಗಾಲಕ್ಕಷ್ಟೇ ಎಲೆ, ಹಳದಿ ಮಚ್ಚೆಯ ಕಡುಗೆಂಪು ನಕ್ಷತ್ರದಂಥ ಹೂವು. ದನ ಮೇಯುವುದು, ಕಾಳ್ಗಿಚ್ಚು, ಬಂಡೆ ಕುಸಿತ, ಕಿತ್ತು ಮಾರುವವರು: ಎಲ್ಲ ಸೇರಿ ಅದನ್ನು ಅಳಿವಿನಂಚಿಗೆ ತಂದು, ಭಾರತದ ರೆಡ್ ಡೇಟಾ ಬುಕ್ಕಿಗೆ ಸೇರಿಸಿದವು. ಅಂಗಾಂಶ ಕೃಷಿಯಲ್ಲಿ ಸಸಿ ಎಬ್ಬಿಸುವ ಪ್ರಯೋಗಗಳೂ ನಡೆದವು.

ಬಹುಕಾಲ ಅದನ್ನು ತನ್ನ ಕುಲದ ಒಂಟಿ ಜಾತಿ ಎಂದೇ ನಂಬಿದ್ದರು. ಈಚೆಗೆ ಡಿಎನ್‌ಎ ನೋಡಿದವರು ಅದನ್ನು ಬೌಸರೋಷಿಯಾ ಕುಲಕ್ಕೆ ಸೇರಿಸಿದ್ದಾರೆ. ತಂಗಿ, ಅದೇ ಕುಲದ ಬೌಸರೋಷಿಯಾ ಅಂಬೆಲ್ಲಾಟ, ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳ ಗಿಡ. ನಾಲ್ಕು ಮೂಲೆಯ ಕಾಂಡ ಕಂಡವರು ಕಳ್ಳಿ ಎಂದುಕೊಳ್ಳುತ್ತಾರೆ, ವಾಸ್ತವದಲ್ಲಿ ಅದು ಎಕ್ಕೆಯ ಬಳಗ. ತುದಿಯಲ್ಲಿ ಗೊಂಚಲಾಗಿ ಬಿಡುವ ಹೂವು ಕೊಳೆತ ಮಾಂಸದಂತೆ ನಾರುತ್ತದೆ. ಜೇನಿಗೆ ಬೇಡವಾದದ್ದು ನೊಣಕ್ಕೆ ಬೇಕು, ಪರಾಗ ಸಾಗಿಸುವುದು ಅದೇ. ಬಿಸಿಲಿಗೆ ನೀರು ಕಳೆದುಕೊಳ್ಳದಂತೆ ಗಿಡ ರಾತ್ರಿಯಷ್ಟೇ ಉಸಿರಾಟದ ರಂಧ್ರ ತೆರೆಯುತ್ತದೆ.

ಇದರ ಹತ್ತಿರದ ನೆಂಟ ಕ್ಯಾರಲುಮದ ಕಾಂಡವನ್ನು ಬರದ ನಾಡಿನ ಬಡವರು ಹಸಿವು ತಡೆಯಲು ಹಸಿಯಾಗೇ ಜಗಿಯುತ್ತಿದ್ದರು. 2007ರಲ್ಲಿ ಬೆಂಗಳೂರಿನ ಸಂಶೋಧಕರು 50 ಜನರಲ್ಲಿ ಒಂದು ಗುಂಪಿಗೆ ಎರಡು ತಿಂಗಳು ಅದರ ಸಾರ ಕೊಟ್ಟು, ಹಸಿವೂ ಸೊಂಟದ ಸುತ್ತಳತೆಯೂ ಇಳಿದದ್ದನ್ನು ವರದಿ ಮಾಡಿದರು. ಹಸಿದವರ ಮೇವು ಉಂಡವರ ಮಾತ್ರೆಯಾಯಿತು!

ಅಕ್ಕನಿಗೆ ಪುಸ್ತಕದ ಆಸರೆಯಿದೆ, ತಂಗಿಯ ನೆಲೆ ಬರಿಯ ಖರಾಬು. ರೇಣುಕಾಸಾಗರ ಜಲಾಶಯದ ನೀರನ್ನು ಗುಡ್ಡದ ಮೇಲಿನ ಹೊಸ ಜಲಾಶಯಕ್ಕೆ ಎತ್ತಿ, ಬೇಕೆಂದಾಗ ಇಳಿಸಿ ವಿದ್ಯುತ್ ತೆಗೆಯುವ ಯೋಜನೆ ಸವದತ್ತಿ ತಾಲ್ಲೂಕಿಗೆ ಬಂದಿದೆ. ಕರೆಂಟು ಬೇಡ ಎನ್ನುವವನು ನಾನಲ್ಲ. ಆದರೆ ಯೋಜನೆಗಾಗಿ ಇಂಥ ಗುಡ್ಡದ ಗಿಡಮರ ಎಣಿಸುವವರು ಮಳೆ ಹಿಡಿದ ಮೇಲೆಯೇ ಬರಬೇಕು. ಏಪ್ರಿಲ್‌ನ ಬಿಸಿಲಲ್ಲಿ ಬಂದರೆ ಈ ತಂಗಿ ಕಲ್ಲಿನ ಸಂದಿಯ ಒಣ ಕಡ್ಡಿಯಾಗಿ ಕಂಡು, ವರದಿಯಲ್ಲಿ ಅವಳಿಗೆ ಸಾಲೊಂದೂ ಸಿಗದೆ ಹೋಗುತ್ತದೆ.