ಹತ್ತು ಅಡಿ ಆಳದ ಚಿನ್ನ ತೋರಿಸುತ್ತಾ ಈ ಮೆಷಿನ್? ಮೆಟಲ್ ಡಿಟೆಕ್ಟರ್ ಕೊಳ್ಳುವ ಮುಂಚೆ ಕೇಳಿ

ಇವತ್ತಿನ ಸಂಚಿಕೆ ಶುರುವಾಗಿದ್ದು ನಮ್ಮ ಚಿಕ್ಕಪ್ಪನ ಫೋನ್ ಕಾಲ್‌ನಿಂದ. ಮಾಗಡಿ ಕಡೆ ಇರೋ ಹಳೇ ಮನೆ ಜಾಗದಲ್ಲಿ ನಿಧಿ ಇದೆ ಅಂತ ಯಾರೋ ಅವರ ತಲೆಗೆ ತುಂಬಿದ್ದಾರೆ. "ಹತ್ತು ಅಡಿ ಆಳದ ಚಿನ್ನ ತೋರಿಸೋ ಮೆಷಿನ್ ಇದೆಯಂತೆ, ಒಂದೂವರೆ ಲಕ್ಷ. ತಗೊಳ್ಳಲಾ?" ಅಂದ್ರು. ಆ ದುಡ್ಡು ಮಗಳ ಕಾಲೇಜ್ ಫೀಸಿಗೆ ಅಂತ ಎತ್ತಿಟ್ಟಿದ್ದು.

ಮೊದಲು ಮೆಷಿನ್ ಹೇಗೆ ಕೆಲಸ ಮಾಡುತ್ತೆ ನೋಡೋಣ. ಕೆಳಗಿರುವ ತಂತಿ ಸುರುಳಿ, ಅಂದ್ರೆ ಕಾಯಿಲ್, ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತೆ. ಅಲ್ಲಿ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಕ್ಷೀಣವಾದ ಸಿಗ್ನಲ್ ವಾಪಸ್ ಬರುತ್ತೆ. ಆಳ ಎರಡು ಪಟ್ಟಾದರೆ ಈ ಸಿಗ್ನಲ್ ಅರ್ಧ ಆಗಲ್ಲ. ಸಣ್ಣ ವಸ್ತುವಾದರೆ ಹೆಚ್ಚುಕಮ್ಮಿ 64ರಲ್ಲಿ ಒಂದು ಪಾಲಿಗೆ ಕುಸಿಯುತ್ತೆ. ಎಲ್ಲಾ ಕಂಪನಿಗಳೂ ಗುದ್ದಾಡೋದು ಇದೇ ಲೆಕ್ಕದ ಜೊತೆ.

ಕೆಂಗೇರಿ ಉಪನಗರದ ನಮ್ಮ ಮನೆ ಹಿತ್ತಲಲ್ಲಿ ಗೆಳೆಯನ ಡಿಟೆಕ್ಟರ್ ಇಟ್ಟು ನಾನೇ ಟ್ರೈ ಮಾಡಿದೆ. ಅರ್ಧ ಅಡಿಯಲ್ಲಿ ಹೂತ ಹತ್ತು ರೂಪಾಯಿ ನಾಣ್ಯಕ್ಕೆ ಚೆನ್ನಾಗಿ ಬೀಪ್ ಬಂತು. ಒಂದೂಕಾಲು ಅಡಿಗೆ ಇಳಿಸಿದಾಗ ಸದ್ದೇ ಇಲ್ಲ. ಆದರೆ ಮೊಳೆ, ಬಾಟಲ್ ಮುಚ್ಚಳ, ಕಟ್ಟಡದ ಕಂಬಿ ಚೂರಿಗೆಲ್ಲ ಕೂಗಿದ್ದೇ ಕೂಗಿದ್ದು!

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಥರ ಇವೆ. ವಿಎಲ್‌ಎಫ್ ಸಣ್ಣ ವಸ್ತುಗಳಿಗೆ ಒಳ್ಳೆಯದು, ಕಬ್ಬಿಣ ಯಾವುದು ಬೇರೆ ಲೋಹ ಯಾವುದು ಅಂತ ಒಂದು ಮಟ್ಟಿಗೆ ಹೇಳುತ್ತೆ. ಆದರೆ ನಮ್ಮ ಕೆಂಪು ಮಣ್ಣಿನಲ್ಲಿರೋ ಕಬ್ಬಿಣದ ಅಂಶ ಇದನ್ನ ಗೊಂದಲಕ್ಕೆ ತಳ್ಳುತ್ತೆ, ಹಾಗಾಗಿ ಗ್ರೌಂಡ್ ಬ್ಯಾಲೆನ್ಸ್ ಸೌಲಭ್ಯ ಇರಲೇಬೇಕು. ಪಲ್ಸ್ ಇಂಡಕ್ಷನ್ ಇಂಥ ಮಣ್ಣನ್ನ ತಡ್ಕೊಂಡು ಇನ್ನಷ್ಟು ಆಳಕ್ಕೆ ಹೋಗುತ್ತೆ, ಆದರೆ ಲೋಹದ ಗುರುತು ಸರಿಯಾಗಿ ಹೇಳಲ್ಲ. ಟೂ ಬಾಕ್ಸ್ ಮಾದರಿ ಕೆಲವು ಅಡಿ ಆಳದ ದೊಡ್ಡ ಪೆಟ್ಟಿಗೆ, ಪೈಪ್ ಹಿಡಿಯುತ್ತೆ. ಒಂಟಿ ನಾಣ್ಯ ಇದಕ್ಕೆ ಕಾಣಲ್ಲ. ಅಂದ್ರೆ ಆಳ ಬೇಕಾದರೆ ವಸ್ತು ದೊಡ್ಡದಿರಬೇಕು.

ದೂರದಿಂದಲೇ ಚಿನ್ನದ ದಿಕ್ಕು ತೋರಿಸುತ್ತೆ ಅಂತ ಆಂಟೆನಾ ಕಡ್ಡಿ ಇರೋ ಮೆಷಿನ್ ತಂದರೆ ಹತ್ತಿರಕ್ಕೂ ಸೇರಿಸಬೇಡಿ. ಇಂಥದ್ದೇ ಕಡ್ಡಿಯನ್ನ ಬಾಂಬ್ ಪತ್ತೆ ಯಂತ್ರ ಅಂತ ಇರಾಕ್‌ಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ ಕೋರ್ಟ್ 10 ವರ್ಷ ಜೈಲು ವಿಧಿಸಿತು. ಅದರೊಳಗೆ ಕೆಲಸ ಮಾಡೋ ಯಂತ್ರವೇ ಇರಲಿಲ್ಲ.

ಇನ್ನು ನಿಜವಾಗಿ ಸಿಕ್ಕಿಬಿಟ್ಟರೆ? ಸ್ವಂತ ಜಮೀನಾದರೂ ಎತ್ತಿಕೊಂಡು ಹೋಗೋ ಹಾಗಿಲ್ಲ. ನಮ್ಮಲ್ಲಿ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯೋದು ಅಪರಾಧ.

ಕಾನೂನಿಗೆ ಹೆದರಿ ಮಾತ್ರ ಈ ಮಾತು ಹೇಳ್ತಿಲ್ಲ. ನಮ್ಮ ಪಕ್ಕದ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಎಲ್ಲಿ ಸಿಕ್ಕವು ಅಂತ ದಾಖಲಾಗಿದ್ದಕ್ಕೇ ಬೆಂಗಳೂರಿನ ಹಳೇ ವ್ಯಾಪಾರದ ಸುಳಿವು ನಮಗಿದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಣ ಬಾವಿಯಿಂದ ಪುರಾತತ್ವ ಇಲಾಖೆಯವರು ಸಾವಿರಕ್ಕೂ ಹೆಚ್ಚು ಟಿಪ್ಪು ಕಾಲದ ರಾಕೆಟ್ ತೆಗೆದರು. ಅವೇ ನಿಧಿಗಳ್ಳರ ಕೈಗೆ ಸಿಕ್ಕಿದ್ದರೆ ಗುಜರಿ ಕಬ್ಬಿಣ ಅಷ್ಟೇ.

ಚಿಕ್ಕಪ್ಪನಿಗೆ ಒಂದೇ ಮಾತು ಹೇಳಿದೆ: "ನಿಮ್ಮ ಉಂಗುರ ನೀವೇ ಎಲ್ಲಾದ್ರೂ ನಾಲ್ಕಡಿ ಆಳದಲ್ಲಿ ಹೂತಿಡಿ, ಜಾಗ ಹೇಳಬೇಡಿ. ಅವನು ಹುಡುಕಿ ಕೊಟ್ಟರೆ ದುಡ್ಡು ಕೊಡಿ." ಹಾಗೇ ಹೇಳಿ ಕರೆದರಂತೆ. ಮಾರೋನು ಆಮೇಲೆ ಫೋನೇ ಎತ್ತಿಲ್ಲ. ಫೀಸು ಕಟ್ಟಿದ್ದಾಯ್ತು.

ನಿಮ್ಮ ಮನೆಯಲ್ಲೂ ಇಂಥ ಕಾಲ್ ಬಂದಿದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.