ತೂಗುಸೇತುವೆ ಹತ್ತಿರ ಕೋಲಾರದ ಬಸ್ಸು ಯಾಕೆ ನಿಂತುಬಿಡುತ್ತೆ?

ಕೋಲಾರ, ಶ್ರೀನಿವಾಸಪುರದಿಂದ ಬೆಂಗಳೂರಿಗೆ ಬಸ್ಸಲ್ಲಿ ಬರ್ತಾ ಕೇಳ್ತಿದ್ದೀರಾ? ಹಾಗಾದ್ರೆ ಈ ಎಪಿಸೋಡ್ ನಿಮಗೇ.

ನಮ್ಮೂರು ಮುಳಬಾಗಿಲು. ಒಮ್ಮೆ ಅಮ್ಮನನ್ನ ಬೆಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೊರಟಿದ್ದೆ. ಹೊಸಕೋಟೆವರೆಗೂ ಬಸ್ಸು ಸಲೀಸಾಗಿ ಬಂತು. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ನಿಂತೇಬಿಡ್ತು. ನಾವು ತಲುಪೋ ಹೊತ್ತಿಗೆ ಡಾಕ್ಟರ್ ಹೊರಟುಹೋಗಿದ್ರು.

ಯಾಕೆ ಹೀಗೆ? ರೈಲು ಹಳಿ ದಾಟಿಸೋ ಈ ಸೇತುವೆ ಶುರುವಾಗಿದ್ದು 2003ರಲ್ಲಿ. ಹಳೇ ಮದ್ರಾಸ್ ರಸ್ತೆ, ಔಟರ್ ರಿಂಗ್ ರೋಡ್ ಎರಡಕ್ಕೂ ಇದೊಂದೇ ಸೇತುವೆ. ನಮ್ಮ ಬಸ್ಸು ಇಂದಿರಾನಗರದ ಕಡೆ ಹೋಗಬೇಕು, ಮಾರತ್ತಹಳ್ಳಿಯಿಂದ ಬಂದ ಕಾರು ಹೆಬ್ಬಾಳಕ್ಕೆ. ಇಬ್ಬರೂ ಒಟ್ಟಿಗೆ ಸೇತುವೆ ಹತ್ತಿ, ಟಿನ್ ಫ್ಯಾಕ್ಟರಿ ಹತ್ತಿರ ಬೇರೆಯಾಗಬೇಕು. ಅಷ್ಟರೊಳಗೆ ಲೇನ್ ಬದಲಿಸೋಕೆ ಒಬ್ಬರಿಗೊಬ್ಬರು ಅಡ್ಡ ಬರ್ತಾರೆ. ಒಂದು ಗಾಡಿ ಬ್ರೇಕ್ ಹಾಕಿದ್ರೆ ಹಿಂದಿನದ್ದೆಲ್ಲ ನಿಧಾನ.

ರಸ್ತೆ ಅಗಲ ಮಾಡಿದ್ರೆ ಸಾಕಲ್ವಾ ಅಂತೀರಿ. ಸಾಲದು. ಲೇನ್ ಹೆಚ್ಚಾದಷ್ಟೂ ಅಡ್ಡ ದಾಟಬೇಕಾದ ಲೇನೂ ಹೆಚ್ಚು. ಬೇರೆ ಬೇರೆ ದಿಕ್ಕಿಗೆ ಹೋಗೋ ಗಾಡಿಗಳನ್ನ ಒಟ್ಟು ಸೇರೋ ಮುಂಚೆಯೇ ಬೇರ್ಪಡಿಸಬೇಕು. ಅದಕ್ಕೇ ಅಂಡರ್‌ಪಾಸ್, ಪ್ರತ್ಯೇಕ ರ‍್ಯಾಂಪ್. ಬಸ್ ಸ್ಟಾಪ್ ಕೂಡ ಜಂಕ್ಷನ್‌ನಿಂದ ದೂರ, ರಸ್ತೆಯಿಂದ ಒಳಗಿರಬೇಕು. ಇಲ್ಲದಿದ್ರೆ ನಿಂತ ಬಸ್ಸೇ ಒಂದು ಲೇನ್ ನುಂಗುತ್ತೆ.

ಅಲ್ಲಿವರೆಗೆ ಏನ್ ಮಾಡೋದು? 2023ರ ಅಕ್ಟೋಬರ್‌ನಿಂದ ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದ್ರೆ ನೇರ ಮೆಜೆಸ್ಟಿಕ್. ಈಗ ಅಮ್ಮ, ನಾನು ಅಲ್ಲೇ ಇಳ್ಕೊಳ್ತೀವಿ. ಆದ್ರೆ ಸೇತುವೆಗೆ ಮುಂಚೆ ಇಳಿಯೋದಕ್ಕೂ ಒಂದು ಸರಿಯಾದ ಜಾಗ ಬೇಕು ಅಲ್ವಾ? ಜಂಕ್ಷನ್ ಸುಧಾರಣೆ ಅಂದ್ರೆ ಕಾರಿಗಷ್ಟೇ ಅಲ್ಲ, ಬಸ್ಸಿನಿಂದ ಇಳಿಯೋ ಅಮ್ಮಂದಿರಿಗೂ.